‘ದುಷ್ಟ ಮೈನಾ’ ಏನು ಮಾಡಿತು?

ನಮಸ್ಕಾರ. ನಿಮ್ಮ ‘ಗೂಡುಗಳ್ಳರು’ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತ ತಪ್ಪಿಲ್ಲ. ಸಂತೋಷ. ಆದರೆ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ರೇಗಿತು.

ನೀವು ಬರೆದದ್ದು: ‘ಮನೆಯೆದುರಿನ ಗುಲ್‌ಮೊಹರ್ ಮರದಲ್ಲಿ ಬಡಪಾಯಿ ಕುಟ್ರುಹಕ್ಕಿ ಬೆವರು ಸುರಿಸಿ ಕಟ್ಟಿದ ಅರಮನೆಯನ್ನು ದುಷ್ಟ ಮೈನಾ ನಿರ್ದಯವಾಗಿ ಕಬಳಿಸಿತು.’ ಹಕ್ಕಿ ಬೆವರುವುದಿಲ್ಲ ಕಣ್ರೀ. ಅರಮನೆ ಅಂದರೆ ಒಣಕೊಂಬೆಯಲ್ಲಿ ಕೈ ತೂರದಷ್ಟು ಸಣ್ಣ ತೂತು. ಇನ್ನು ‘ಬಡಪಾಯಿ’. ಮರ ಕೊರೆಯುವ ಕೊಕ್ಕಿರುವುದೇ ಕುಟ್ರುಹಕ್ಕಿಗೆ! ಗಂಡು ಹೆಣ್ಣು ಸೇರಿ ಸುಮಾರು 20 ದಿನ ಕೊರೆಯುತ್ತವೆ. ಮೈನಾಕ್ಕೆ ಆ ಕೊಕ್ಕಿಲ್ಲ. ಪೊಟರೆ ಬೇಕು, ತೋಡಲು ಬರುವುದಿಲ್ಲ. ಗೋಡೆಯ ಸಂದು, ಮರಕುಟಿಗ ಬಿಟ್ಟುಹೋದ ತೂತು, ಏನು ಸಿಕ್ಕರೂ ಸರಿ. ಸಿಗದಿದ್ದರೆ ಹೊಡೆದಾಟ. ಇಷ್ಟು ಹೇಳಿದ್ದರೆ ಸಾಕಿತ್ತು. ‘ನಿರ್ದಯವಾಗಿ’ ಅಂದಿರಲ್ಲ, ಅದು ಮಾಡಿದ್ದಾದರೂ ಏನು? ಒಳಗೆ ತಲೆ ಹಾಕಿತಾ? ಕಾಲು ಹಿಡಿದು ಎಳೆಯಿತಾ? ಕುಟ್ರುಹಕ್ಕಿ ಎಷ್ಟು ಹೊತ್ತು ಪಕ್ಕದ ಕೊಂಬೆಯಲ್ಲಿ ಕೂತು ಕೂಗಿತು? ನೀವು ಕಿಟಕಿಯಲ್ಲೇ ಇದ್ದಿರಿ, ಅಲ್ವಾ?

ಮುಂದಿನ ಸಾಲು ಇನ್ನೂ ಕಿರಿಕಿರಿ: ‘ಕೋಗಿಲೆಯಂತೆಯೇ ಮೈನಾ ಕೂಡ ಪರರ ಗೂಡಿನ ಆಕ್ರಮಣಕಾರಿ.’ ಎರಡನ್ನೂ ಸುಮ್ನೆ ಒಂದೇ ಗಂಟಿಗೆ ಕಟ್ಟಿದ್ದೀರಿ. ಕೋಗಿಲೆ ಕಾಗೆಯನ್ನು ಗೂಡು ಬಿಡಿಸುವುದಿಲ್ಲ. ಕಾಗೆ ಅಲ್ಲೇ ಇರಬೇಕು, ಕಾವು ಕೊಡಬೇಕು, ಮರಿಗೆ ಉಣಿಸಬೇಕು. ಇಲ್ಲದಿದ್ದರೆ ಕೋಗಿಲೆಯ ಸಂಸಾರ ನಡೆಯುವುದಿಲ್ಲ. ಮೈನಾಕ್ಕೋ, ಇದ್ದವರು ಜಾಗ ಖಾಲಿ ಮಾಡಿದರೆ ಸಾಕು. ಆಮೇಲೆ ಮೊಟ್ಟೆ, ಕಾವು, ಮರಿ ಸಾಕುವುದು ಎಲ್ಲ ಅದರದೇ ದುಡಿಮೆ. ಒಬ್ಬರಿಗೆ ಆಯಾ ಬೇಕು, ಇನ್ನೊಬ್ಬರಿಗೆ ಮನೆ ಬೇಕು.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಹುಡುಗರು ಬರೆದದ್ದನ್ನು ಇಡೀ ಡೆಸ್ಕಿಗೆ ಕೇಳುವಂತೆ ಓದುತ್ತಿದ್ದರು. ‘ಹೃದಯವಿದ್ರಾವಕ’ ಬಂತೋ, ಓದು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿ, ‘ಸರಿ, ಏನಾಯ್ತು ಹೇಳಪ್ಪ’ ಅನ್ನೋರು. ನಾವು ತೊದಲುತ್ತಾ ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಂಡು ಪ್ರೆಸ್ಸಿಗೆ ಕಳಿಸುತ್ತಿದ್ದರು. ಕಷ್ಟಪಟ್ಟು ಬರೆದ ಹಾಳೆ ಬುಟ್ಟಿಗೆ. ಹೊಟ್ಟೆ ಉರಿಯುತ್ತಿತ್ತು, ನಿಜ. ಈಗ ನಿಮಗೂ ಉರಿಯುತ್ತಿರಬಹುದು.

ನಿಮ್ಮ ನಾಲ್ಕನೇ ಪುಟದಲ್ಲಿ, ಗಿಳಿಗಳಿಗೆ ಬುದ್ಧಿ ಹೇಳಿ ಮುಗಿಸಿದ ಮೇಲೆ, ಒಂದು ಸಾಲಿದೆ: ‘ಮೊದಲು ಕಾರಿನ ಮೇಲೆ ದಿನಾ ಮರದ ಪುಡಿ ಬೀಳುತ್ತಿತ್ತು, ಈಗ ಒಣಹುಲ್ಲು ಬೀಳುತ್ತದೆ.’ ಕುಟ್ರುಹಕ್ಕಿ ಗೂಡಿಗೆ ಹುಲ್ಲು ಹಾಸುವುದಿಲ್ಲ, ಮೈನಾ ಹಾಸುತ್ತದೆ. ಕೊರೆದವರು ಹೋದರು, ಬೇರೆಯವರು ಬಂದರು ಅಂತ ಕಾರಿನ ಮೇಲೇ ಗೊತ್ತಾಗುತ್ತದೆ! ಇದನ್ನು ನೋಡಿದವರು ‘ದುಷ್ಟ’ ಅಂತ ಯಾಕ್ರೀ ಬರೆದಿರಿ? ಲೇಖನ ಈ ಸಾಲಿನಿಂದಲೇ ಶುರುವಾಗಲಿ. ಒಂದೂವರೆ ಪುಟ ಸಾಕು, ಮುಂದಿನ ತಿಂಗಳು ಕಳಿಸಿ. ‘ಮನುಷ್ಯರೂ ಹೀಗೇ ಅಲ್ಲವೇ’ ಎಂಬ ಕೊನೆಯ ಪ್ಯಾರಾವನ್ನು ನಾನೇ ಹೊಡೆದು ಹಾಕಿದ್ದೇನೆ.