ಅಕ್ಕನ ಅಂಚೆ: ಪತ್ರಪೆಟ್ಟಿಗೆಯ ಮೇಲೆ ಅಪ್ಪನ ಹೆಸರು

ಪ್ರಶ್ನೆ: ಅಕ್ಕಾ, ನಾನು ಸುರತ್ಕಲ್ ಹತ್ತಿರದವನು. ಮೆಕ್ಯಾನಿಕಲ್‌ನಲ್ಲಿ ಮಾಸ್ಟರ್ಸ್ ಮಾಡಲಿಕ್ಕೆ ಜರ್ಮನಿಯ ಆಖೆನ್‌ಗೆ ಬಂದು ಏಳು ವಾರ ಆಯಿತು. ಹಾಸ್ಟೆಲ್ ಸಿಗಲಿಲ್ಲ. ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋದ ಸೀನಿಯರ್ ಒಬ್ಬನ ರೂಮಿನಲ್ಲಿ ಫೆಬ್ರವರಿವರೆಗೆ ಇದ್ದೇನೆ. 'ಈ ವಿಳಾಸದಲ್ಲಿ ರಿಜಿಸ್ಟ್ರೇಶನ್ ಆಗುವುದಿಲ್ಲ' ಅಂತ ಅವನು ಮೊದಲೇ ಹೇಳಿದ್ದ. ಬ್ಯಾಂಕ್ ಕಾರ್ಡ್ ಬಂದಿಲ್ಲ, ಪಾರ್ಟ್‌ಟೈಮ್ ಕೆಲಸವೂ ಸಿಕ್ಕಿಲ್ಲ. ಅಮ್ಮ ಊರಿನ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾರೆ. ಇಲ್ಲಿ ಆಗ ಸಂಜೆ ನಾಲ್ಕೂವರೆ, ಅಷ್ಟರಲ್ಲೇ ಕತ್ತಲೆ. 'ಎಲ್ಲ ಸರಿ ಉಂಟಾ ಮಗಾ' ಅಂದರೆ 'ಹೂಂ' ಅನ್ನುತ್ತೇನೆ. ಊರಲ್ಲಿ ದಿನಾ ಸಂಜೆ ವಾಲಿಬಾಲ್ ಆಡುತ್ತಿದ್ದವನಿಗೆ ಇಲ್ಲಿ ಮಾತಾಡಲಿಕ್ಕೂ ಜನ ಇಲ್ಲ. ಡಿಸೆಂಬರಿನಲ್ಲಿ ವಾಪಸ್ ಬಂದುಬಿಡಲಾ?
— ಹೆಸರು ಬೇಡ, ಆಖೆನ್

ಉತ್ತರ: ನನ್ನ ತಮ್ಮನ ಪ್ರಾಯದವನು, ಹಾಗಾಗಿ 'ನೀನು' ಅನ್ನುತ್ತೇನೆ. ವಾಪಸ್ ಬರುವ ವಿಷಯ ಆಮೇಲೆ. ಮೊದಲು ಒಂದು ಹೇಳು ಮಾರಾಯ, ನೀನಿರುವ ಮನೆಯ ಪತ್ರಪೆಟ್ಟಿಗೆಯ ಮೇಲೆ ನಿನ್ನ ಹೆಸರು ಉಂಟಾ?

ಇದೆಂತ ಪ್ರಶ್ನೆ ಅನ್ನಬೇಡ. ನಮ್ಮ ಕಾಪುವಿನಲ್ಲಿ 'ದೈವಸ್ಥಾನದ ಹಿಂದಿನ ಮನೆ' ಅಂತ ಬರೆದರೂ ಕಾಗದ ಬರುತ್ತದೆ. ಪೋಸ್ಟಿನವರು ಬಾವಿಕಟ್ಟೆಯ ಹತ್ತಿರ ನಿಂತು ಅಪ್ಪನನ್ನು ಕರೆದು ಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಾರೆ. ಜರ್ಮನಿಯಲ್ಲಿ ಹತ್ತು ಮನೆಗಳ ಕಟ್ಟಡಕ್ಕೂ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಕರೆಗಂಟೆಯ ಮೇಲೆ, ಪೆಟ್ಟಿಗೆಯ ಮೇಲೆ ಹೆಸರು ಇದ್ದರೆ ನೀನಿದ್ದೀ, ಇಲ್ಲದಿದ್ದರೆ ಇಲ್ಲ. ಕಾಗದ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ.

2016ರ ಅಕ್ಟೋಬರಿನಲ್ಲಿ ನಾನು ಅದೇ ಆಖೆನ್‌ನಲ್ಲಿ ಇಳಿದಾಗ ಹೆಸರೇನೋ ಅಂಟಿಸಿದ್ದೆ. ನೋಟ್‌ಬುಕ್ಕಿನ ಹಾಳೆ ಹರಿದು, ನನ್ನನ್ನು ಎಲ್ಲರೂ ಕರೆಯುವ ಹೆಸರನ್ನು ಚೆಂದಕ್ಕೆ ಬರೆದು, ಮೇಲೆ ಸೆಲೋಟೇಪ್ ಹಾಕಿದ್ದೆ. ಆದರೆ ನಮ್ಮ ಕಡೆಯ ಎಷ್ಟೋ ಮಂದಿಯಂತೆ ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಇದ್ದದ್ದು ಅಪ್ಪನ ಹೆಸರು. ಬ್ಯಾಂಕಿನವರು ಕಾರ್ಡನ್ನೂ ಪಿನ್ನನ್ನೂ ಬೇರೆಬೇರೆ ಲಕೋಟೆಯಲ್ಲಿ 'ಶ್ರೀಮತಿ' ಅಂತ ಅಪ್ಪನ ಹೆಸರಿಗೇ ಕಳಿಸಿದರು. ಅಂಥವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲವಲ್ಲ! ಎರಡೂ ವಾಪಸ್. ಸುಮಾರು ಒಂದು ತಿಂಗಳು ರೂಮ್‌ಮೇಟ್ ಹತ್ತಿರ ಇಪ್ಪತ್ತು ಇಪ್ಪತ್ತು ಯೂರೋ ಸಾಲ ತೆಗೆದು, ಬ್ರೆಡ್ಡು ಬಾಳೆಹಣ್ಣು ತಿಂದು, 'ಈ ದೇಶಕ್ಕೆ ನಾನು ಬೇಡವಾಗಿದ್ದೇನೆ' ಅಂತ ದಿಂಬಿಗೆ ಮುಖ ಒತ್ತಿ ಅತ್ತಿದ್ದೇನೆ. ದೇಶಕ್ಕೆ ಬೇಡವಾದದ್ದು ನಾನಲ್ಲ, ಆ ಹಾಳೆಯ ಚೂರು. ಚೂರನ್ನು ಕಿತ್ತು, ದೊಡ್ಡ ಅಕ್ಷರದಲ್ಲಿ ಅಪ್ಪನ ಹೆಸರು ಬರೆದು ಅಂಟಿಸಿದೆ. ಮಲ್ಪೆ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುತ್ತಿದ್ದ, ಮುಂಬಯಿಯನ್ನೂ ನೋಡದ ನಮ್ಮಪ್ಪನ ಹೆಸರು ಎರಡು ವರ್ಷ ಆ ಪೆಟ್ಟಿಗೆಯ ಮೇಲೆ ಇತ್ತು. ಫೋಟೋ ಕಳಿಸಿದಾಗ ಅಪ್ಪ ಕೇಳಿದ್ದು ಒಂದೇ, 'ಬಾಡಿಗೆ ನಾನು ಕಟ್ಟಲಿಕ್ಕುಂಟಾ?'

ಈಗ ನಿನ್ನ ಸೀನಿಯರ್ ವಿಷಯ. ವಾಸಕ್ಕೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. 'ಆನ್‌ಮೆಲ್ಡುಂಗ್' ಅನ್ನುವುದು ಅದನ್ನೇ. ಅದಕ್ಕೆ ಮನೆ ಕೊಟ್ಟವರ ಒಂದು ಪುಟದ ದೃಢೀಕರಣ ಬೇಕು, 'ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್'. (ಈ ಪದವನ್ನು ಒಂದೇ ಉಸಿರಿನಲ್ಲಿ ಹೇಳಲಿಕ್ಕೆ ನನಗೆ ಒಂದು ಸೆಮಿಸ್ಟರ್ ಹಿಡಿಯಿತು.) ಮನೆ ಕೊಟ್ಟವರು ಅಂದರೆ ಮಾಲೀಕರೇ ಆಗಬೇಕೆಂದಿಲ್ಲ. ಒಳಬಾಡಿಗೆಗೆ ಕೊಟ್ಟ ನಿನ್ನ ಸೀನಿಯರೂ ಸಹಿ ಹಾಕಬಹುದು. ಬರೀ 'ಬಹುದು' ಅಲ್ಲ, ಕಾನೂನಿನ ಪ್ರಕಾರ ಕೊಡಲೇಬೇಕು. ಅವನು ಹಿಂಜರಿಯುತ್ತಾನೆ ಅಂದರೆ ನೀನಿರುವುದು ಮಾಲೀಕರಿಗೆ ಗೊತ್ತಿಲ್ಲ ಅಂತಲೇ ನನ್ನ ಊಹೆ. ನೇರ ಕೇಳು. ಗೊತ್ತಿದ್ದರೆ ನಾಳೆಯೇ ಸಹಿ ಹಾಕಿಸು. ಗೊತ್ತಿಲ್ಲದಿದ್ದರೆ ಫೆಬ್ರವರಿವರೆಗೆ ಕಾಯಬೇಡ, ಬೇರೆ ರೂಮು ನೋಡು.

ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಬಾಡಿಗೆಯ ಕಷ್ಟ ಇದ್ದೀತು. ಆದರೆ ನೋಂದಣಿ ಇಲ್ಲದೆ ನಿನ್ನ ಯಾವ ಗಾಡಿಯೂ ಮುಂದೆ ಹೋಗುವುದಿಲ್ಲ. ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು ಅದಾದ ಮೇಲೆ. ಆ ಸಂಖ್ಯೆ ಕೊಡದಿದ್ದರೆ ಪಾರ್ಟ್‌ಟೈಮ್ ಸಂಬಳದಲ್ಲಿ ಅತಿ ಹೆಚ್ಚಿನ ದರದ ತೆರಿಗೆ ಹಿಡಿಯುತ್ತಾರೆ. ವೀಸಾ ಮುಗಿಯುವ ಮೊದಲು ವಾಸದ ಪರವಾನಗಿಗೆ ಹೋದರೆ ಅಲ್ಲೂ ಕೇಳುವುದು ಅದೇ ಕಾಗದ. ತಡ ಆಯಿತಲ್ಲ ಅಂತ ಹೆದರಬೇಡ. ಸಾವಿರ ಯೂರೋವರೆಗೆ ದಂಡ ಹಾಕಲಿಕ್ಕೆ ಅವಕಾಶ ಉಂಟು, ಆದರೆ ಕೆಲವು ವಾರ ತಡವಾಗಿ ಹೋದ ನನ್ನ ಗೆಳೆಯರಿಗೆ ಬರೀ ಒಂದು ಗಂಭೀರ ನೋಟ ಸಿಕ್ಕಿತು, ಅಷ್ಟೆ.

ರೂಮು ಹುಡುಕುವಾಗ ಗಡಿಯಾಚೆಯ ಫಾಲ್ಸ್ ಊರನ್ನು ಯಾರಾದರೂ ತೋರಿಸಿಯೇ ತೋರಿಸುತ್ತಾರೆ, ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೆ ಅದು ನೆದರ್ಲ್ಯಾಂಡ್ಸ್. ಯುರೋಪಿನ ಮಕ್ಕಳಿಗೆ ಸರಿ. ನಮ್ಮ ಪಾಸ್‌ಪೋರ್ಟಿನವರಿಗೆ ಓದು ಒಂದು ದೇಶ, ವಾಸ ಒಂದು ದೇಶ ಅಂತಾಗಿ ಪರವಾನಗಿಯ ತಲೆನೋವು. ಕೀಲಿ ಕೈಗೆ ಬಾರದೆ ಯಾರಿಗೂ ಅಡ್ವಾನ್ಸ್ ಹಾಕಬೇಡ. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಇರಲಿ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ ರೂಮು ಖಾಲಿ ಆಗುವುದುಂಟು.

ಕತ್ತಲೆಗೆ ನನ್ನಲ್ಲಿ ಮದ್ದಿಲ್ಲ. ಡಿಸೆಂಬರ್ 21ರವರೆಗೆ ಹಗಲು ಇನ್ನೂ ಚಿಕ್ಕದಾಗುತ್ತದೆ. ನಮ್ಮ ಮಳೆ ಸುರಿದು ಹೋಗುತ್ತದೆ, ಅಲ್ಲಿನದ್ದು ಸುರಿಯುವುದೂ ಇಲ್ಲ, ಹೋಗುವುದೂ ಇಲ್ಲ. ಮಧ್ಯಾಹ್ನ ಊಟ ಆದ ಮೇಲೆ ಲೈಬ್ರರಿಗೆ ನುಗ್ಗದೆ ಅರ್ಧ ಗಂಟೆ ಹೊರಗೆ ನಡೆ. ಎಲಿಜೆನ್‌ಬ್ರುನ್ನೆನ್ ಅನ್ನುವ ಗಂಧಕದ ಬುಗ್ಗೆಯ ಬಿಸಿನೀರಿನ ಕೊಳೆತ ಮೊಟ್ಟೆ ವಾಸನೆ ಬಂದರೆ ಪೇಟೆಯ ನಡುವೆ ಇದ್ದೀ ಅಂತ ಲೆಕ್ಕ.

ವಾಲಿಬಾಲ್ ಬಿಟ್ಟದ್ದು ಮಾತ್ರ ನಿನ್ನದೇ ತಪ್ಪು. ವಿಶ್ವವಿದ್ಯಾಲಯದ 'ಹೋಖ್‌ಶೂಲ್‌ಷ್ಪೋರ್ಟ್' ವಿಭಾಗದಲ್ಲಿ ಕಡಿಮೆ ಶುಲ್ಕಕ್ಕೆ ಆಟ ಉಂಟು. ಜಾಗ ತುಂಬಿದೆ ಅಂತ ವೆಬ್‌ಸೈಟ್ ಹೇಳಿದರೂ ಶೂ ಹಾಕಿಕೊಂಡು ಹೋಗಿ ನಿಲ್ಲು, ಆರನೆಯವನು ಬಾರದ ದಿನ ಕರೆದೇ ಕರೆಯುತ್ತಾರೆ. ಸ್ಮ್ಯಾಶ್ ಹೊಡೆಯಲಿಕ್ಕೆ ಜರ್ಮನ್ ಬೇಡ.

ಅಮ್ಮನಿಗೆ 'ಹೂಂ' ಅನ್ನುವುದನ್ನು ಬಿಡು. 'ಕಾರ್ಡ್ ಬಂದಿಲ್ಲ, ಮನೆಯ ಕಾಗದ ಆಗಬೇಕು' ಅಂತ ಇದ್ದದ್ದು ಇದ್ದ ಹಾಗೆ ಹೇಳು. ರೇಷನ್ ಕಾರ್ಡಿಗೆ ಅಲೆದ ನಮ್ಮ ಅಮ್ಮಂದಿರಿಗೆ ಆಫೀಸಿನ ಕಷ್ಟ ವಿವರಿಸಬೇಕಾಗಿಲ್ಲ. ಹೆಸರು ಅಂಟಿಸಿ, ನೋಂದಣಿ ಆಗಿ, ಕಾರ್ಡ್ ಕೈಗೆ ಬಂದು ಒಂದು ತಿಂಗಳಾದ ಮೇಲೂ ವಾಪಸ್ ಬರಬೇಕು ಅನ್ನಿಸಿದರೆ ಬರೆ. ಆಗ ಅದನ್ನೇ ಮಾತಾಡುವ.

ಪ್ರಶ್ನೆ: ಮಗಳು ಓದಲಿಕ್ಕೆ ಬರ್ಲಿನ್‌ಗೆ ಹೊರಟಿದ್ದಾಳೆ. ತುಪ್ಪ, ಕರಿಬೇವಿನ ಸೊಪ್ಪು, ಒಣಮೀನು ಕಟ್ಟಿಕೊಡಬಹುದಾ?
— ಒಬ್ಬ ತಾಯಿ, ಕಾರ್ಕಳ

ಉತ್ತರ: ತುಪ್ಪ ಬೇಡ ಅಮ್ಮಾ. ಹೊರಗಿನಿಂದ ಹಾಲಿನ, ಮಾಂಸದ ಯಾವ ಪದಾರ್ಥವನ್ನೂ ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲ, ಪೇಡವೂ ಸೇರಿ. ಹಸಿ ಕರಿಬೇವಿನ ಸೊಪ್ಪಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಅದನ್ನು ಹುರಿದು ಚಟ್ನಿಪುಡಿಗೆ ಸೇರಿಸಿಬಿಡಿ. ಆಶ್ಚರ್ಯ ಅಂದರೆ ಮೀನಿಗೆ ಅಡ್ಡಿಯಿಲ್ಲ, ಸ್ವಂತ ಬಳಕೆಗೆ 20 ಕಿಲೋವರೆಗೆ ಒಯ್ಯಬಹುದು. ಇಪ್ಪತ್ತು ಕಿಲೋ ಕಟ್ಟಬೇಡಿ, ಪಕ್ಕದ ರೂಮಿನವರೂ ಬದುಕಬೇಕು. ಒಣಕೊಬ್ಬರಿ ಬೇಗ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನದವರೇ ತೆಗೆಸುತ್ತಾರೆ. ಕುಚ್ಚಲಕ್ಕಿಯ ಚಿಂತೆ ಬಿಡಿ, ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಕೆಂಪಕ್ಕಿ ಸಿಗುತ್ತದೆ. ಗಂಜಿಗೆ ನಮ್ಮದರಷ್ಟು ಒದಗುವುದಿಲ್ಲ, ನೀರು ಸ್ವಲ್ಪ ಕಡಿಮೆ ಇಡಲಿಕ್ಕೆ ಹೇಳಿ.