ವಾಹನ ಪ್ರಶ್ನೋತ್ತರ: ಏರಿನಲ್ಲಿ ಬಿಸಿಯೇರುವ ಹಳೆಯ ಡೀಸೆಲ್ ಗಾಡಿ

ಪ್ರಶ್ನೆ: ನನ್ನದು 2005ರ ಮಾದರಿಯ ಟರ್ಬೊ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ. ಸೇಡಂನಿಂದ ಕಲಬುರಗಿಗೆ ಹೋಗಿ ಬರುವಾಗ ಯಾವ ತೊಂದರೆಯೂ ಇಲ್ಲ. ಆದರೆ ಕುಂಚಾವರಂ ಕಡೆಯ ಏರುಗಳನ್ನು ಕೆಳಗಿನ ಗೇರಿನಲ್ಲಿ ನಿಧಾನವಾಗಿ ಹತ್ತುವಾಗ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಗ್ಯಾರೇಜಿನಲ್ಲಿ, ನೀರು ಬಿಸಿಯಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟ್ ವಾಲ್ವನ್ನೇ ತೆಗೆದುಹಾಕಿದರು. ಅಂದಿನಿಂದ ಸಮತಟ್ಟು ರಸ್ತೆಯಲ್ಲಿ ಮುಳ್ಳು ಮಧ್ಯಕ್ಕೂ ಬರುವುದಿಲ್ಲ, ಏರಿನಲ್ಲಿ ಮಾತ್ರ ಮೊದಲಿನಂತೆಯೇ ಮೇಲೇರುತ್ತದೆ. ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರು ಹಾಕುತ್ತಿದ್ದೇನೆ. ಬೆಳಿಗ್ಗೆ ಬಾನೆಟ್ ತೆರೆದರೆ ರೇಡಿಯೇಟರಿನ ಮೇಲಿನ ಹೋಸ್ ಪೈಪು ಚಪ್ಪಟೆಯಾಗಿರುತ್ತದೆ. ಈಗ ರೇಡಿಯೇಟರ್ ಮತ್ತು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಎರಡನ್ನೂ ಬದಲಿಸಬೇಕೆಂದು ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಸೇಡಂ

ಉತ್ತರ: ಸದ್ಯಕ್ಕೆ ಎರಡನ್ನೂ ಬದಲಿಸಬೇಡಿ. ಗಾಡಿ ಯಾವಾಗ ಬಿಸಿಯಾಗುತ್ತದೆ ಎಂಬುದರಲ್ಲಿಯೇ ದೋಷ ಎಲ್ಲಿದೆ ಎಂಬುದರ ಸುಳಿವು ಇರುತ್ತದೆ. ವೇಗವಾಗಿ ಓಡುವಾಗ ಬಿಸಿಯಾದರೆ ರೇಡಿಯೇಟರಿನ ಕೊಳವೆಗಳು ಕಟ್ಟಿವೆಯೇ, ವಾಟರ್ ಪಂಪು ಸೋತಿದೆಯೇ ಎಂದು ನೋಡಬೇಕು. ವೇಗದಲ್ಲಿ ತಣ್ಣಗಿದ್ದು, ನಿಧಾನವಾಗಿ ಏರುವಾಗ ಮಾತ್ರ ಬಿಸಿಯಾದರೆ ಮೊದಲ ಅನುಮಾನ ಗಾಳಿಯ ಮೇಲೆ, ಅಂದರೆ ಫ್ಯಾನಿನ ಮೇಲೆ ಹೋಗಬೇಕು, ಏಕೆಂದರೆ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ರೇಡಿಯೇಟರಿನ ಮೂಲಕ ಗಾಳಿ ಎಳೆಯುವುದಕ್ಕೆ ಫ್ಯಾನನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ.

ಈ ಕಾಲದ ಹೆಚ್ಚಿನ ಗಾಡಿಗಳಲ್ಲಿ ಫ್ಯಾನು ವಿಸ್ಕಸ್ ಕಪ್ಲಿಂಗಿನ ಮೂಲಕ ತಿರುಗುತ್ತದೆ. ಅದರ ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ ಅಥವಾ ಸುರುಳಿ ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಂತೆ ಅದು ಬಾಗಿ ಒಳಗಿನ ಕಿಂಡಿಯನ್ನು ತೆರೆಯುತ್ತದೆ, ಸಿಲಿಕೋನ್ ಎಣ್ಣೆ ಹರಿದು ಬಂದು ಫ್ಯಾನನ್ನು ಎಂಜಿನ್ನಿಗೆ ಬಿಗಿಯಾಗಿ ಹಿಡಿಸುತ್ತದೆ. ವರ್ಷಗಳು ಕಳೆದಂತೆ ಈ ಎಣ್ಣೆ ಸೋರಿಹೋಗಿ, ಫ್ಯಾನು ತಿರುಗುತ್ತಿರುವಂತೆ ಕಂಡರೂ ಗಾಳಿಯನ್ನು ಎಳೆಯುವುದಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ತೆಗೆದಿಟ್ಟುಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಕೈಗೆ ಬಿಗಿ ತಾಗಿ ಕೂಡಲೇ ನಿಂತರೆ ಕಪ್ಲಿಂಗ್ ಸರಿಯಿದೆ. ಎರಡು ಮೂರು ಸುತ್ತು ಸರಾಗವಾಗಿ ತಿರುಗಿದರೆ ಅದರ ಆಯುಷ್ಯ ಮುಗಿದಿದೆ. ಕಪ್ಲಿಂಗಿನ ನಡುವಿನಿಂದ ಹೊರಗೆ ಚದುರಿದ, ದೂಳು ಮೆತ್ತಿದ ಎಣ್ಣೆಯ ಗೆರೆಗಳೂ ಅದನ್ನೇ ಹೇಳುತ್ತವೆ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಅಥವಾ ಹಿಂದಿನ ಯಾವುದೋ ರಿಪೇರಿಯಲ್ಲಿ ಅದನ್ನು ತೆಗೆದು ಮೂಲೆಗೆ ಹಾಕಿದ್ದರೆ ಮತ್ತೆ ಕೂಡಿಸಿ. ಅದಿಲ್ಲದ ಫ್ಯಾನು ಎಂಜಿನ್ನಿನ ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ.

ಗಾಳಿಯ ಮಾತು ಬಂದಾಗ ನಮ್ಮ ಭಾಗದ ಹೊಲಗಳನ್ನು ಮರೆಯುವಂತಿಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಹೊಟ್ಟು ಹಾರಿ ಬಂದು ರೇಡಿಯೇಟರಿಗೂ ಅದರ ಮುಂದಿನ ಏಸಿ ಕಂಡೆನ್ಸರಿಗೂ ನಡುವಿನ ಸಂದಿಯಲ್ಲಿ ಕೂಡುತ್ತದೆ. ಅದರ ಮೇಲೆ ಎರೆಮಣ್ಣಿನ ದೂಳು ಕುಳಿತು, ತೇವ ತಾಗಿ, ಕಂಬಳಿಯಂತೆ ಗಟ್ಟಿಯಾಗುತ್ತದೆ. ಮುಂದಿನಿಂದ ನೋಡಿದರೆ ಎಲ್ಲವೂ ಸ್ವಚ್ಛವಾಗಿಯೇ ಕಾಣುತ್ತದೆ. ಆದ್ದರಿಂದ ಮೇಲಿನ ಬೋಲ್ಟುಗಳನ್ನು ಬಿಚ್ಚಿ, ಎರಡನ್ನೂ ತುಸು ದೂರ ಸರಿಸಿ, ಟಾರ್ಚು ಹಾಕಿ ನೋಡಬೇಕು. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಪೈಪಿನ ನೀರಿನಿಂದ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ನನ್ನು ಹತ್ತಿರ ಹಿಡಿದರೆ ತೆಳುವಾದ ಫಿನ್ನುಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಚಪ್ಪಟೆಯಾದ ಹೋಸಿಗೆ ಕಾರಣ ಬಹುತೇಕ ರೇಡಿಯೇಟರಿನ ಮುಚ್ಚಳ. ಆ ಮುಚ್ಚಳದಲ್ಲಿ ಎರಡು ವಾಲ್ವುಗಳಿವೆ. ದೊಡ್ಡದು ಒತ್ತಡವನ್ನು ಹಿಡಿದಿಡುತ್ತದೆ; ನಡುವಿನ ಚಿಕ್ಕದು ಎಂಜಿನ್ ತಣಿಯುವಾಗ ಪಕ್ಕದ ಬಾಟಲಿಯಿಂದ ಕೂಲೆಂಟನ್ನು (ಎಂಜಿನ್ ತಣಿಸುವ ದ್ರವ) ಹಿಂದಕ್ಕೆ ಎಳೆದುಕೊಳ್ಳುತ್ತದೆ. ಚಿಕ್ಕದು ಅಂಟಿಕೊಂಡರೆ ಅಥವಾ ಬಾಟಲಿಯ ಸಣ್ಣ ಪೈಪು ಕಟ್ಟಿದರೆ ಒಳಗೆ ನಿರ್ವಾತ ಉಂಟಾಗಿ ಹೋಸು ಒಳಕ್ಕೆ ಕುಸಿಯುತ್ತದೆ. ಒತ್ತಡ ಹಿಡಿಯುವ ಕೆಲಸವೂ ಸಣ್ಣದಲ್ಲ: ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಹಳೆಯ ಮುಚ್ಚಳದ ಮೇಲೆ ಬರೆದಿರುವ ಒತ್ತಡದ ಅಂಕಿಯದ್ದೇ ಹೊಸದನ್ನು ತನ್ನಿ. ಅದನ್ನು ತೆರೆಯುವುದು ಎಂಜಿನ್ ಪೂರ್ತಿ ತಣಿದ ಮೇಲೆ ಮಾತ್ರ.

ಇನ್ನು ಥರ್ಮೋಸ್ಟಾಟ್. ಏಪ್ರಿಲ್ ಬಂತೆಂದರೆ ಅದನ್ನು ಕಿತ್ತುಹಾಕುವುದು ನಮ್ಮ ಕಡೆಯ ಅನೇಕ ಗ್ಯಾರೇಜುಗಳಲ್ಲಿ ಒಂದು ಶಾಸ್ತ್ರವೇ ಆಗಿಬಿಟ್ಟಿದೆ; ನಾನು ಇದನ್ನು ಒಪ್ಪುವುದಿಲ್ಲ. ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಈ ವಾಲ್ವು ರೇಡಿಯೇಟರಿನ ದಾರಿಯನ್ನು ತೆರೆಯುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ತೆಗೆದರೆ ಬೈಪಾಸ್ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಹೀಗಾಗಿ ಸಮತಟ್ಟು ರಸ್ತೆಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಏರಿನಲ್ಲಿ ಬಿಸಿಯೂ ತಗ್ಗುವುದಿಲ್ಲ. ನಿಮ್ಮ ಮೀಟರು ತೋರಿಸುತ್ತಿರುವುದು ಇದನ್ನೇ. ಹೊಸ ವಾಲ್ವನ್ನು ಕೂಡಿಸುವ ಮುನ್ನ ನೀರಿನ ಪಾತ್ರೆಯಲ್ಲಿ ತೂಗುಹಾಕಿ, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ 82 ಎಂದು ಕೊರೆದಿದ್ದರೆ ಆಸುಪಾಸು ಅಷ್ಟೇ ಡಿಗ್ರಿಗೆ ಬಾಯಿ ಬಿಡಲು ಆರಂಭಿಸಬೇಕು.

ಹೆಡ್ ಗ್ಯಾಸ್ಕೆಟಿನ ಮಾತು ಪರೀಕ್ಷೆಯ ನಂತರದ್ದು. ರೇಡಿಯೇಟರಿನ ಬಾಯಿಗೆ ನೀಲಿ ದ್ರಾವಣದ ಕೊಳವೆಯನ್ನು ಇಟ್ಟು ನೋಡುವ ಪರೀಕ್ಷೆಯೊಂದಿದೆ. ಎಂಜಿನ್ನಿನ ಹೊಗೆ ನೀರಿಗೆ ನುಗ್ಗುತ್ತಿದ್ದರೆ ನೀಲಿ ಹಸಿರಿಗೆ ಅಥವಾ ಹಳದಿಗೆ ತಿರುಗುತ್ತದೆ. ರೇಡಿಯೇಟರು ತಾಮ್ರ, ಹಿತ್ತಾಳೆಯದಾಗಿದ್ದರೆ ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಕೊಳವೆಗಳಲ್ಲಿ ಸರಳು ಆಡಿಸಿ ಸ್ವಚ್ಛಗೊಳಿಸುವವರು ಕಲಬುರಗಿಯಂಥ ಊರಿನಲ್ಲಿ ಸಿಗುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಆ ಉಪಾಯ ನಡೆಯದು.

ಬೋರ್‌ವೆಲ್ ನೀರನ್ನು ಇಂದಿನಿಂದಲೇ ನಿಲ್ಲಿಸಿ. ಸೇಡಂ, ಶಹಾಬಾದ್, ವಾಡಿ ಎಲ್ಲವೂ ಸುಣ್ಣದಕಲ್ಲಿನ ನೆಲ. ಸಿಮೆಂಟ್ ಕಾರ್ಖಾನೆಗಳು ಇಲ್ಲಿ ನೆಲೆಯಾದದ್ದೂ ಅದಕ್ಕಾಗಿಯೇ. ಅದೇ ಸುಣ್ಣ ಬೋರಿನ ನೀರಿನಲ್ಲಿ ಕರಗಿ ಬಂದು, ಎಂಜಿನ್ನಿನ ಅತಿ ಬಿಸಿಯಾದ ಜಾಗಗಳಲ್ಲಿ ಹರಳುಗಟ್ಟಿ, ಶಾಖವನ್ನು ಲೋಹದಿಂದ ನೀರಿಗೆ ದಾಟಗೊಡುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನೊಂದಿಗೆ ಕೂಲೆಂಟನ್ನು ಅರ್ಧಕ್ಕರ್ಧ ಬೆರೆಸಿ. ಬಳಕೆಗೆ ಸಿದ್ಧ ಎಂದು ಬರೆದ ಡಬ್ಬಿಯಾದರೆ ನೀರು ಬೆರೆಸದೆ ಹಾಕಿ. ತುಂಬುವಾಗ ಗಾಡಿಯ ಮೂತಿ ಎತ್ತರದಲ್ಲಿರಲಿ, ಹೀಟರ್ ಪೂರ್ತಿ ತೆರೆದಿರಲಿ, ಮುಚ್ಚಳ ಹಾಕದೆ ಎಂಜಿನ್ನನ್ನು ಐಡ್ಲಿನಲ್ಲಿ ಬಿಟ್ಟು ಗುಳ್ಳೆಗಳು ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವಾಗಿ ತುಂಬಿ.

ಈ ಕೆಲಸಗಳನ್ನು ಬೇಸಿಗೆ ಬರುವುದರೊಳಗೆ ಮುಗಿಸಿ. ಎಂಜಿನ್ನಿನ ನೀರು 95 ಡಿಗ್ರಿ ಇದ್ದಾಗ ಹೊರಗಿನ ಗಾಳಿ 20 ಡಿಗ್ರಿಯಿದ್ದರೆ ಅಂತರ 75. ಮೇ ತಿಂಗಳ 43 ಡಿಗ್ರಿಯಲ್ಲಿ ಅದು 52ಕ್ಕೆ ಇಳಿಯುತ್ತದೆ. ಅದೇ ರೇಡಿಯೇಟರು ಆಗ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಶಾಖವನ್ನು ಹೊರಹಾಕುತ್ತದೆ.

ಪ್ರಶ್ನೆ: ಗಾಡಿಯ ಕೆಳಗೆ ಒಂದು ಹನಿಯೂ ಬೀಳುವುದಿಲ್ಲ, ಆದರೂ ಕೂಲೆಂಟ್ ಕಡಿಮೆಯಾಗುತ್ತಲೇ ಇದೆ. ಒಮ್ಮೆ ಹುಮನಾಬಾದಿನ ಹತ್ತಿರ ಮೇಲೇರಿದ್ದ ಮುಳ್ಳು ತಾನಾಗಿಯೇ ಕೆಳಗಿಳಿಯಿತು, ಆದರೆ ಎಂಜಿನ್ನಿನ ಶಬ್ದ ಒರಟಾಯಿತು. ಇದೇಕೆ?
– ಓದುಗರು, ಬೀದರ್

ಉತ್ತರ: ಮುಳ್ಳು ಇಳಿದದ್ದನ್ನು ಗುಣವಾದದ್ದೆಂದು ತಿಳಿಯಬೇಡಿ. ಸೆನ್ಸರು ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ನೀರು ಇಳಿದು ಅದರ ಸುತ್ತ ಆವಿಯಷ್ಟೇ ಉಳಿದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಇಳಿಯಬಹುದು. ಇನ್ನೊಮ್ಮೆ ಹೀಗಾದರೆ ಅಲ್ಲಿಯೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಸೋರಿಕೆಗೆ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರವನ್ನು ನೋಡಿ. ಸೀಲು ಹೋದರೆ ಅಲ್ಲಿಂದ ಒಸರುವ ಕೂಲೆಂಟ್ ಬಿಸಿಗೆ ಆರಿಹೋಗಿ, ಬಿಳಿಯ ಅಥವಾ ಹಸಿರು ಕಲೆ ಮಾತ್ರ ಉಳಿಯುತ್ತದೆ. ಪಕ್ಕದ ಸೀಟಿನ ಮುಂದಿನ ಮ್ಯಾಟು ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್ (ಹೀಟರಿನ ಒಳಗಿನ ಚಿಕ್ಕ ರೇಡಿಯೇಟರು) ಸೋರುತ್ತಿದೆ. ಎರಡೂ ಸರಿಯಿದ್ದು, ಬಿಳಿ ಹೊಗೆ ಬರುತ್ತಿದ್ದರೆ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳುವ ಹೊಗೆಯನ್ನು ತಣಿಸುವ ಭಾಗ) ಮತ್ತು ಹೆಡ್ ಗ್ಯಾಸ್ಕೆಟನ್ನು ಪರೀಕ್ಷಿಸಿ. ಸೋರಿಕೆ ಮುಚ್ಚುವ ಪುಡಿಗಳನ್ನು ಮಾತ್ರ ಹಾಕಬೇಡಿ; ಅವು ಕಿರಿದಾದ ಕೊಳವೆಗಳನ್ನೂ ಮುಚ್ಚುತ್ತವೆ.

ಪ್ರಶ್ನೆ: ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯೇ ಇಲ್ಲ. ಹಾಗಿರುವಾಗ ಕೂಲೆಂಟ್ ಏಕೆ ಬೇಕು?
– ಓದುಗರು, ಶಹಾಪುರ

ಉತ್ತರ: ತುಕ್ಕು ತಡೆಯುವುದಕ್ಕೆ ಮತ್ತು ಪಂಪಿನ ಸೀಲನ್ನು ಕಾಪಾಡುವುದಕ್ಕೆ ಬೇಕು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಲೈನರಿನ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ) ಹೊರಮೈಗೆ ನೀರು ತಾಗುವಂಥ ಡೀಸೆಲ್ ಎಂಜಿನ್ನುಗಳಲ್ಲಿ ಪ್ರತಿ ಸ್ಫೋಟಕ್ಕೂ ಲೈನರ್ ಕಂಪಿಸಿ, ಸೂಕ್ಷ್ಮ ಆವಿಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಬರಿಯ ನೀರಿದ್ದರೆ ಆ ಹೊಡೆತಕ್ಕೆ ಲೋಹದಲ್ಲಿ ಗುಂಡಿಗಳು ಬಿದ್ದು, ಕೊನೆಗೆ ತೂತಾಗುತ್ತದೆ. ಡೀಸೆಲ್ ಎಂಜಿನ್ನಿಗೆಂದು ತಯಾರಿಸಿದ ಕೂಲೆಂಟಿನಲ್ಲಿರುವ ರಾಸಾಯನಿಕಗಳು ಲೈನರಿನ ಮೇಲೆ ತೆಳುಪದರ ಕಟ್ಟಿ ಇದನ್ನು ತಡೆಯುತ್ತವೆ. ಈ ರಾಸಾಯನಿಕಗಳು ಕಾಲಕ್ರಮದಲ್ಲಿ ಸವೆಯುವುದರಿಂದ, ಬಣ್ಣ ಚೆನ್ನಾಗಿದ್ದರೂ ಡಬ್ಬಿಯ ಮೇಲಿನ ಅವಧಿಗೆ ಸರಿಯಾಗಿ ಬದಲಿಸಬೇಕು. ಇಳಿಸಿದ ಹಳೆಯ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಅದರಲ್ಲಿರುವ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ದನಕರುಗಳು ಅದನ್ನು ನೆಕ್ಕುತ್ತವೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಅಪಾಯ.