ಚಂದ್ರಿ ಮಾಡಿದ್ದು, ಆಚಾರ್ಯ ಕಾಣದ್ದು

ಕಾಸರಗೋಡಿನ ಎಂ.ಎ. ಸೆಮಿನಾರಿಗೆ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ (1965) ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯ ಹೆಂಗಸರನ್ನು ಎಲ್ಲಿ ಅರಿಯದೆ ಹೋದ ಎಂದು ಕೇಳಿದ್ದೀರಿ. ಅವನು ಚಂದ್ರಿಯನ್ನು ಕೂಡಿದ ಕಾಡಿನ ರಾತ್ರಿಯಿಂದ ಶುರು ಮಾಡಬೇಡಿ ಮಾರಾಯ್ರೆ, ಎಲ್ಲರೂ ಅಲ್ಲೇ ಸಿಕ್ಕಿಬೀಳುತ್ತಾರೆ. ಮೊದಲ ಪುಟಗಳಲ್ಲೇ ರೋಗಿ ಹೆಂಡತಿ ಭಾಗೀರಥಿ ಇನ್ನೊಂದು ಮದುವೆಯಾಗಲು ಹೇಳುವ ಜಾಗಕ್ಕೆ ಗುರುತು ಹಾಕಿ. ಅವನು ನಕ್ಕು ತೇಲಿಸುತ್ತಾನೆ. ಅವಳ ಕಾಯಿಲೆ ಅವನ ಪಾಲಿಗೆ ತನ್ನ ಸಾಧನೆಯ ಮೆಟ್ಟಿಲು.

ಆಮೇಲೆ ಚಂದ್ರಿ, ನಾರಣಪ್ಪನ ಪ್ರೇಯಸಿ. ಆಚಾರ ಮುರಿದು ಬದುಕಿ ಸತ್ತ ಈ ಬ್ರಾಹ್ಮಣನ ಶವಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರ ಜಗ್ಗಾಡುವಾಗ ಅವಳು ಮೈಮೇಲಿನ ಚಿನ್ನ ಬಿಚ್ಚಿ ಮುಂದಿಡುತ್ತಾಳೆ. ಆಚಾರ್ಯ ಗ್ರಂಥ ತಿರುವುತ್ತಾನೆ. ಕೊನೆಗೆ ಮೀನು ವ್ಯಾಪಾರದ ಮುಸ್ಲಿಂ ಬ್ಯಾರಿಯೊಬ್ಬನ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ ಕುಂದಾಪುರಕ್ಕೆ ಹೊರಡುತ್ತಾಳೆ. ಇದು ತಿಳಿಯದೆಯೇ ಆಚಾರ್ಯನ ತೊಳಲಾಟ ಸಾಗುತ್ತದೆ. ಪ್ರಬಂಧದ ಅರ್ಧ ಇದಕ್ಕೇ ಕೊಡಿ.

ಆಚಾರ್ಯನ ಕುರುಡನ್ನು ಲೇಖಕರ ತಲೆಗೆ ಕಟ್ಟಬೇಡಿ. ಚಂದ್ರಿಯ ಆ ರಾತ್ರಿಯನ್ನು ನಮಗೆ ತೋರಿಸಿದವರು ಅವರೇ.